ಪ್ಯಾರಿಸ್‌ನಲ್ಲಿ ಮಳೆ, ಫಿಲಡೆಲ್ಫಿಯಾದಲ್ಲಿ ಕೊಡೆ

1782ರ ಏಪ್ರಿಲ್ 8ರಂದು ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಎರಡು ಹಡಗುಗಳು ಮುಖಾಮುಖಿಯಾದವು. ಒಂದು ಬ್ರಿಟಿಷರ ಯುದ್ಧನೌಕೆ ‘ಜನರಲ್ ಮಾಂಕ್’. ಇನ್ನೊಂದು, ವ್ಯಾಪಾರದ ಹಡಗಿಗೆ ಅವಸರದಲ್ಲಿ 16 ಸಣ್ಣ ತೋಪುಗಳನ್ನು ಕೂರಿಸಿ ಪೆನ್ಸಿಲ್ವೇನಿಯಾ ರಾಜ್ಯ ಕಳಿಸಿದ್ದ ಹಡಗು. ಅದರ ಹೆಸರು ‘ಹೈದರ್ ಅಲಿ’. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರ್ ಅಲಿಯೇ. ಮದ್ರಾಸಿನ ಬ್ರಿಟಿಷರ ನಿದ್ದೆಗೆಡಿಸಿದ್ದ ಮೈಸೂರಿನ ದಳವಾಯಿಯ ಹೆಸರು, ಅದೇ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೊಡೆದಾಡುತ್ತಿದ್ದ ಜನರಿಗೆ ಅಷ್ಟು ದೂರದಲ್ಲೂ ಹುಮ್ಮಸ್ಸು ತಂದಿತ್ತು. ಸುಮಾರು ಅರ್ಧ ಗಂಟೆಯ ಕಾದಾಟದಲ್ಲಿ ‘ಹೈದರ್ ಅಲಿ’ ತನಗಿಂತ ಬಲವಾದ ಹಡಗನ್ನು ಸೆರೆಹಿಡಿಯಿತು. ಅದರ ಕ್ಯಾಪ್ಟನ್ ಜೋಶುವಾ ಬಾರ್ನಿಗೆ ಆಗ 22 ವರ್ಷ. ಈ ಗೆಲುವಿನ ಮೇಲೆ ಲಾವಣಿ ಕಟ್ಟಿದವನು ಫಿಲಿಪ್ ಫ್ರೆನೊ ಎಂಬ ಕವಿ. ಎರಡು ವರ್ಷಗಳ ಹಿಂದಷ್ಟೇ ಬ್ರಿಟಿಷರ ಸೆರೆಹಡಗಿನಲ್ಲಿ ನರಳಿ ಬದುಕಿ ಬಂದವನು.

ಇಬ್ಬರ ಹೆಸರನ್ನೂ ನೆನಪಿಟ್ಟುಕೊಳ್ಳಿ. ಕ್ಯಾಪ್ಟನ್ ಕೊನೆಗೆ ಮತ್ತೆ ಬರುತ್ತಾನೆ. ಕವಿ ಈಗಲೇ ಬರುತ್ತಾನೆ.

ಯುದ್ಧ ನಡೆಯುವಷ್ಟು ದಿನ ಅಮೆರಿಕನ್ನರ ಲೆಕ್ಕ ಸುಲಭವಿತ್ತು. ಶತ್ರುವಿನ ಶತ್ರು ಮಿತ್ರ. ಅವನು ಮೈಸೂರಿನವನಾದರೂ ಸರಿ, ಪ್ಯಾರಿಸ್ಸಿನ ದೊರೆಯಾದರೂ ಸರಿ. 1778ರಲ್ಲಿ ಹದಿನಾರನೆಯ ಲೂಯಿಯ ಜೊತೆ ಮೈತ್ರಿ ಒಪ್ಪಂದವೂ ಆಗಿತ್ತು, ಫ್ರೆಂಚ್ ಹಣ ಮತ್ತು ನೌಕಾಪಡೆಯ ನೆರವಿನಿಂದಲೇ ಯುದ್ಧ ಗೆದ್ದದ್ದೂ ಆಯಿತು. ಗೆದ್ದ ಮೇಲೆ ಲೆಕ್ಕ ಕೆಟ್ಟಿತು. ಇನ್ನು ಯಾರ ಸ್ನೇಹ, ಯಾರ ಭಯ? ಅಮೆರಿಕದ ರಾಜಕೀಯ ಪಕ್ಷಗಳು ಬ್ಯಾಂಕು, ಸಾಲ, ತೆರಿಗೆಗಳ ಜಗಳದಲ್ಲಿ ಮೊಳೆತವು ಎಂಬುದು ನಿಜ. ಆದರೆ ಅವು ಬೀದಿಗಿಳಿದು, ಹೆಸರು, ಬಣ್ಣ, ಹಗೆ ಎಲ್ಲವನ್ನೂ ಪಡೆದದ್ದು ಹೊರದೇಶಗಳ ವಿಷಯದಲ್ಲಿ. ಮಾಸ್ಕೋದಲ್ಲಿ ಮಳೆ ಬಂದರೆ ಕಲ್ಕತ್ತೆಯಲ್ಲಿ ಕೊಡೆ ಬಿಚ್ಚುತ್ತಾರೆ ಎಂದು ಒಂದು ಕಾಲಕ್ಕೆ ನಮ್ಮಲ್ಲಿ ಕಮ್ಯುನಿಸ್ಟರನ್ನು ಗೇಲಿ ಮಾಡುತ್ತಿದ್ದರು. 1790ರ ದಶಕದ ಅಮೆರಿಕದಲ್ಲಿ ಅರ್ಧ ದೇಶ ಪ್ಯಾರಿಸ್ಸಿನ ಮಳೆಗೆ, ಉಳಿದರ್ಧ ಲಂಡನ್ನಿನ ಮಳೆಗೆ ಕೊಡೆ ಹಿಡಿದು ನಿಂತಿತ್ತು.

ವಿಚಿತ್ರವೆಂದರೆ, ಆ ದೇಶ ಕಟ್ಟಿದವರಲ್ಲಿ ಯಾರಿಗೂ ಪಕ್ಷಗಳು ಬೇಕಿರಲಿಲ್ಲ. ಅವರು ಬರೆದ ಸಂವಿಧಾನದಲ್ಲಿ ‘ಪಕ್ಷ’ದ ಪ್ರಸ್ತಾಪವೇ ಇಲ್ಲ. ಪಕ್ಷವೆಂದರೆ ಅವರ ಕಣ್ಣಿಗೆ ಒಂದು ರೋಗ. ಪಕ್ಷದ ಜೊತೆಗೆ ಮಾತ್ರ ಸ್ವರ್ಗಕ್ಕೆ ಹೋಗಬಹುದು ಎನ್ನುವುದಾದರೆ ತನಗೆ ಸ್ವರ್ಗವೇ ಬೇಡ ಎಂಬರ್ಥದಲ್ಲಿ ಥಾಮಸ್ ಜೆಫರ್ಸನ್ 1789ರಲ್ಲಿ ಗೆಳೆಯನಿಗೆ ಪತ್ರ ಬರೆದಿದ್ದ. ಮೂರು ವರ್ಷ ಕಳೆಯುವಷ್ಟರಲ್ಲಿ ಆತನೇ ಒಂದು ಪಕ್ಷದ ತಲೆಯಾಳು.

ವಾಷಿಂಗ್ಟನ್ನನ ಮೊದಲ ಸಂಪುಟದಲ್ಲಿ ಜೆಫರ್ಸನ್ ವಿದೇಶಾಂಗ ನೋಡಿಕೊಳ್ಳುತ್ತಿದ್ದ, ಅಲೆಗ್ಸಾಂಡರ್ ಹ್ಯಾಮಿಲ್ಟನ್ ಖಜಾನೆ ನೋಡಿಕೊಳ್ಳುತ್ತಿದ್ದ. ಕೆರಿಬಿಯನ್ ದ್ವೀಪವೊಂದರಲ್ಲಿ ಹುಟ್ಟಿ, ತಾಯಿಯನ್ನು ಕಳೆದುಕೊಂಡು, ಗುಮಾಸ್ತಿಕೆ ಮಾಡಿ ಮೇಲೆ ಬಂದ ಹ್ಯಾಮಿಲ್ಟನ್ನನಿಗೆ ಸರ್ಕಾರ ನಡೆಯುವುದು ಹಣದಿಂದ ಎಂಬುದು ಚೆನ್ನಾಗಿ ಗೊತ್ತಿತ್ತು. ಹಣ ಬರುತ್ತಿದ್ದುದು ಆಮದು ಸುಂಕದಿಂದ. ಆಮದಿನ ಬಹುಪಾಲು ಬ್ರಿಟನ್ನಿನಿಂದ. ಬ್ರಿಟನ್ನಿನ ಜೊತೆ ಜಗಳವಾಡಿದರೆ ಖಜಾನೆ ಬರಿದು, ಅಷ್ಟೇ. ಜೆಫರ್ಸನ್ ಐದು ವರ್ಷ ಪ್ಯಾರಿಸ್ಸಿನಲ್ಲಿ ಇದ್ದು ಬಂದವನು, ಕ್ರಾಂತಿಯ ಮೊದಲ ದಿನಗಳನ್ನು ಕಣ್ಣಾರೆ ಕಂಡವನು. ವರ್ಜೀನಿಯಾದ ಇತರ ಜಮೀನ್ದಾರರಂತೆ ಬ್ರಿಟಿಷ್ ವ್ಯಾಪಾರಿಗಳ ಸಾಲಗಾರ ಕೂಡ. ಹ್ಯಾಮಿಲ್ಟನ್ನನ ಬ್ಯಾಂಕು, ಬಾಂಡುಗಳಲ್ಲಿ ಅವನಿಗೆ ಲಂಡನ್ನಿನ ವಾಸನೆ ಬಡಿಯಿತು. ಹಿಂಬಾಗಿಲಿನಿಂದ ಅರಸೊತ್ತಿಗೆ ಮರಳಿ ಬರುತ್ತಿದೆ ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಹ್ಯಾಮಿಲ್ಟನ್ನನ ಕಡೆಯವರು ‘ಫೆಡರಲಿಸ್ಟರು’ ಎನಿಸಿಕೊಂಡರು. ಜೆಫರ್ಸನ್ ಮತ್ತು ಅವನ ಗೆಳೆಯ ಜೇಮ್ಸ್ ಮ್ಯಾಡಿಸನ್ ಕಡೆಯವರು ‘ರಿಪಬ್ಲಿಕನ್ನರು’. (ಇಂದಿನ ರಿಪಬ್ಲಿಕನ್ ಪಕ್ಷಕ್ಕೂ ಇವರಿಗೂ ಸಂಬಂಧವಿಲ್ಲ, ಅದು ಹುಟ್ಟಿದ್ದು 1854ರಲ್ಲಿ.)

ಪಕ್ಷವೆಂದರೆ ಪತ್ರಿಕೆ ಬೇಕು. ಹ್ಯಾಮಿಲ್ಟನ್ನನ ಪರ ಒಂದು ಪತ್ರಿಕೆ ಆಗಲೇ ಇತ್ತು. ಜೆಫರ್ಸನ್ ತನ್ನ ಇಲಾಖೆಯಲ್ಲಿ ವರ್ಷಕ್ಕೆ 250 ಡಾಲರ್ ಸಂಬಳದ ಒಂದು ಅನುವಾದಕನ ಹುದ್ದೆಯನ್ನು ಕವಿ ಫ್ರೆನೊನಿಗೆ ಕೊಟ್ಟ. 1791ರ ಅಕ್ಟೋಬರ್‌ನಲ್ಲಿ ಫ್ರೆನೊನ ‘ನ್ಯಾಷನಲ್ ಗೆಜೆಟ್’ ಶುರುವಾಯಿತು. ಅಂದರೆ ಸರ್ಕಾರದ ಸಂಬಳ ಎಣಿಸಿಕೊಳ್ಳುತ್ತಲೇ ಸರ್ಕಾರವನ್ನು ಬೈಯುವ ಪತ್ರಿಕೆ, ಅದೂ ಸಂಪುಟದ ಸಚಿವನೊಬ್ಬನ ಕೃಪೆಯಲ್ಲಿ. ಫ್ರೆನೊ ಇದರ ಮೂರು ಪ್ರತಿಗಳನ್ನು ವಾಷಿಂಗ್ಟನ್ನನ ಮನೆಗೇ ಕಳಿಸುತ್ತಿದ್ದ. 1793ರ ಆಗಸ್ಟ್‌ನ ಒಂದು ಸಂಪುಟ ಸಭೆಯಲ್ಲಿ, ಸಾಮಾನ್ಯವಾಗಿ ದನಿ ಏರಿಸದ ವಾಷಿಂಗ್ಟನ್ ಫ್ರೆನೊನ ಹೆಸರೆತ್ತಿ, ಅವನೊಬ್ಬ ನೀಚ, ತನ್ನನ್ನು ಪತ್ರಿಕೆ ಹಂಚುವವನೆಂದುಕೊಂಡಿದ್ದಾನೆಯೇ ಎಂದು ಕೂಗಾಡಿದ. ಅದನ್ನೆಲ್ಲ ಟಿಪ್ಪಣಿ ಮಾಡಿಟ್ಟವನು ಯಾರು? ಎದುರಿಗೆ ಕೂತಿದ್ದ ಜೆಫರ್ಸನ್ನೇ.

ಆ ಹೊತ್ತಿಗೆ ಫ್ರಾನ್ಸ್ ಬೇರೆಯೇ ದೇಶವಾಗಿತ್ತು. 1793ರ ಜನವರಿಯಲ್ಲಿ ಅಮೆರಿಕದ ಹಳೆಯ ಮಿತ್ರ ಲೂಯಿಯ ತಲೆ ಗಿಲೊಟಿನ್ನಿಗೆ ಹೋಯಿತು, ಫೆಬ್ರವರಿ 1ರಂದು ಫ್ರಾನ್ಸ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. 1778ರ ಒಪ್ಪಂದ ದೊರೆಯ ಜೊತೆಗೇ ಸತ್ತಿತೇ, ಫ್ರೆಂಚ್ ಜನರ ಜೊತೆ ಇನ್ನೂ ಬದುಕಿದೆಯೇ? ಸಂಪುಟ ವಾದಿಸಿ ಸುಸ್ತಾಯಿತು. ಏಪ್ರಿಲ್ 22ರಂದು ವಾಷಿಂಗ್ಟನ್ ತಾಟಸ್ಥ್ಯದ ಘೋಷಣೆ ಹೊರಡಿಸಿದ. ಜೆಫರ್ಸನ್ನನಿಗೆ ಬೇಸರವಾಗಬಾರದೆಂದು ಅದರಲ್ಲಿ ‘ತಟಸ್ಥ’ ಎಂಬ ಪದವನ್ನೇ ಬಳಸಲಿಲ್ಲ. ಅಧ್ಯಕ್ಷನಿಗೆ ಹೀಗೆ ಘೋಷಿಸುವ ಅಧಿಕಾರವಿದೆ ಎಂದು ಹ್ಯಾಮಿಲ್ಟನ್, ಇಲ್ಲ ಎಂದು ಮ್ಯಾಡಿಸನ್, ಇಬ್ಬರೂ ರೋಮನ್ ಕಾಲದ ಗುಪ್ತನಾಮಗಳಲ್ಲಿ ಪತ್ರಿಕೆಗಳಲ್ಲಿ ಕಾದಾಡಿದರು. ಯುದ್ಧ ಮತ್ತು ವಿದೇಶ ವ್ಯವಹಾರದಲ್ಲಿ ಅಧ್ಯಕ್ಷನ ಮಾತು ಎಷ್ಟು, ಸಂಸತ್ತಿನದೆಷ್ಟು ಎಂದು ಅಮೆರಿಕ ಇಂದಿಗೂ ವಾದಿಸುವಾಗ ಆ ಲೇಖನಗಳನ್ನೇ ಕೆದಕುತ್ತಾರೆ.

ಇದರ ನಡುವೆ ಬಂದಿಳಿದ ನಾಗರಿಕ ಜೆನೆ. ಫ್ರೆಂಚ್ ಗಣರಾಜ್ಯದ ಈ ರಾಯಭಾರಿಗೆ ಮೂವತ್ತು ವಯಸ್ಸು, ಬಾಯಿ ಜೋರು. ನೇರ ರಾಜಧಾನಿ ಫಿಲಡೆಲ್ಫಿಯಾಕ್ಕೆ ಹೋಗಿ ಅಧಿಕಾರಪತ್ರ ಒಪ್ಪಿಸುವುದು ಬಿಟ್ಟು, ಏಪ್ರಿಲ್ 8ರಂದು ದಕ್ಷಿಣದ ಚಾರ್ಲ್ಸ್‌ಟನ್ ಬಂದರಿನಲ್ಲಿ ಇಳಿದ. ಅಲ್ಲೇ ಖಾಸಗಿ ಹಡಗುಗಳಿಗೆ ಪರವಾನಗಿ ಕೊಟ್ಟು ಬ್ರಿಟಿಷ್ ಹಡಗುಗಳ ಸುಲಿಗೆಗೆ ಕಳಿಸಿದ. ಫಿಲಡೆಲ್ಫಿಯಾದ ದಾರಿಯುದ್ದಕ್ಕೂ ಸನ್ಮಾನ, ಭೋಜನ, ಘೋಷಣೆ. ಜನ ಪರಸ್ಪರ ‘ನಾಗರಿಕ’ ಎಂದು ಕರೆದುಕೊಳ್ಳತೊಡಗಿದರು. ಟೋಪಿಗಳಲ್ಲಿ ಫ್ರಾನ್ಸಿನ ಮೂರು ಬಣ್ಣದ ಪಟ್ಟಿಗಳು ಕಾಣಿಸಿಕೊಂಡವು. ಆ ಗಾಳಿ ಎಷ್ಟು ದೂರ ಬೀಸಿತ್ತೆಂದರೆ, ನಾಲ್ಕು ವರ್ಷಗಳ ನಂತರ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರೂ ಟಿಪ್ಪುವಿನ ಎದುರಲ್ಲಿ ಸ್ವಾತಂತ್ರ್ಯದ ಗಿಡ ನೆಟ್ಟು ಗಣರಾಜ್ಯದ ಬಾವುಟ ಏರಿಸಿದರೆಂದು, ಕೋಟೆ ಬಿದ್ದ ಮೇಲೆ ಬ್ರಿಟಿಷರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ.

ಜೆನೆಗೆ ಸನ್ಮಾನದ ಅಮಲು ತಲೆಗೇರಿತು. ಹಿಡಿದು ತಂದ ಬ್ರಿಟಿಷ್ ಹಡಗೊಂದಕ್ಕೆ ಹೊಸ ಹೆಸರಿಟ್ಟು, ತೋಪು ತುಂಬಿಸಿ, ಬೇಡವೆಂದರೂ ಕೇಳದೆ ರಾಜಧಾನಿಯ ಮೂಗಿನಡಿಯಿಂದಲೇ ಸಮುದ್ರಕ್ಕೆ ಬಿಟ್ಟ. ವಾಷಿಂಗ್ಟನ್ ಒಪ್ಪದಿದ್ದರೆ ನೇರವಾಗಿ ಜನರ ಬಳಿಗೇ ಹೋಗುತ್ತೇನೆ ಎಂದ ಸುದ್ದಿಯೂ ಹೊರಬಿತ್ತು. ಜೆಫರ್ಸನ್ನನಿಗೆ ಇದು ಮುಳುಗುವ ದೋಣಿ ಎಂದು ಅರಿವಾಯಿತು. ಜೆನೆಯನ್ನು ವಾಪಸು ಕರೆಸಿಕೊಳ್ಳಿ ಎಂಬ ಪತ್ರವನ್ನು ಬರೆದವನು ಅವನೇ. ಆದರೆ ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ಅಧಿಕಾರ ಉಗ್ರ ಜಾಕೊಬಿನರ ಕೈಗೆ ಹೋಗಿ, ಜೆನೆ ಊರಿಗೆ ಮರಳಿದರೆ ತಲೆ ಉಳಿಯುವುದು ಅನುಮಾನವಾಗಿತ್ತು. ಯಾರನ್ನು ಧಿಕ್ಕರಿಸಿದ್ದನೋ ಆ ವಾಷಿಂಗ್ಟನ್ನೇ ಆಶ್ರಯ ಕೊಟ್ಟ. ಜೆನೆ ನ್ಯೂಯಾರ್ಕ್ ಗವರ್ನರನ ಮಗಳನ್ನು ಮದುವೆಯಾಗಿ, ಹೊಲ ಮಾಡಿಕೊಂಡು, 1834ರವರೆಗೆ ನೆಮ್ಮದಿಯಾಗಿ ಬಾಳಿದ. ಕ್ರಾಂತಿಕಾರಿಗಳಲ್ಲಿ ಇಷ್ಟು ಅದೃಷ್ಟ ಕೆಲವರಿಗೇ.

ಅದೇ ವರ್ಷ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಡಿಯಿತು. ಸುಮಾರು ಐದು ಸಾವಿರ ಜನ, ಊರಿನ ಹತ್ತರಲ್ಲಿ ಒಬ್ಬರಂತೆ, ಸತ್ತರು. ಜ್ವರಕ್ಕೂ ಪಕ್ಷ ಬಂತು. ರಿಪಬ್ಲಿಕನ್ನರತ್ತ ಒಲವಿದ್ದ ವೈದ್ಯ ಬೆಂಜಮಿನ್ ರಶ್ ರಕ್ತ ಹರಿಸಿ ಭೇದಿಗೆ ಕೊಡುತ್ತಿದ್ದ. ಜ್ವರ ಬಂದು ಬದುಕಿದ ಹ್ಯಾಮಿಲ್ಟನ್ ತನ್ನನ್ನು ಉಳಿಸಿದ್ದು ಸಿಂಕೋನಾ ತೊಗಟೆಯ ಔಷಧ ಎಂದು ಪತ್ರಿಕೆಯಲ್ಲಿ ಬರೆದ. ಮನೆಯಲ್ಲಿ ಯಾವ ಔಷಧ ಕುಡಿಯುತ್ತಾರೆ ಎಂಬುದರ ಮೇಲೆ ಯಾವ ಪಕ್ಷದವರೆಂದು ಊಹಿಸುವ ಮಟ್ಟಕ್ಕೆ ಬಂದಿತ್ತು ಸ್ಥಿತಿ.

ಫ್ರಾನ್ಸ್ ಮುಜುಗರ ತಂದರೆ ಬ್ರಿಟನ್ ಹೊಟ್ಟೆಗೇ ಹೊಡೆಯಿತು. ಫ್ರೆಂಚ್ ದ್ವೀಪಗಳ ಜೊತೆ ವ್ಯಾಪಾರ ಮಾಡುತ್ತಿದ್ದ ಸುಮಾರು 250 ಅಮೆರಿಕನ್ ಹಡಗುಗಳನ್ನು ಅದರ ನೌಕಾಪಡೆ ಕೆಲವೇ ತಿಂಗಳಲ್ಲಿ ಹಿಡಿಯಿತು. 1783ರಲ್ಲೇ ಬಿಟ್ಟುಕೊಡಬೇಕಿದ್ದ ಡೆಟ್ರಾಯಿಟ್, ನಯಾಗರ ಮುಂತಾದ ಕೋಟೆಗಳಲ್ಲಿ ಅದರ ಸೈನಿಕರು ಇನ್ನೂ ಕೂತಿದ್ದರು. ಯುದ್ಧ ತಪ್ಪಿಸಲು ವಾಷಿಂಗ್ಟನ್ ಮುಖ್ಯ ನ್ಯಾಯಮೂರ್ತಿ ಜಾನ್ ಜೇಯನ್ನು ಲಂಡನ್ನಿಗೆ ಕಳಿಸಿದ. 1794ರ ನವೆಂಬರ್‌ನಲ್ಲಿ ಜೇ ಸಹಿ ಹಾಕಿದ ಒಪ್ಪಂದದಲ್ಲಿ ಕೋಟೆಗಳು ಸಿಕ್ಕವು, ಹಡಗುಗಳಿಗೆ ಪರಿಹಾರದ ಭರವಸೆ ಸಿಕ್ಕಿತು. ಸಮುದ್ರದಲ್ಲಿ ತಟಸ್ಥರ ಹಕ್ಕಿನ ಬಗ್ಗೆ ಏನೂ ಸಿಗಲಿಲ್ಲ. ವೆಸ್ಟ್ ಇಂಡೀಸ್ ಬಂದರುಗಳಿಗೆ 70 ಟನ್ನಿಗಿಂತ ದೊಡ್ಡ ಅಮೆರಿಕನ್ ಹಡಗು ಬರುವಂತಿಲ್ಲ ಎಂಬ ಅವಮಾನದ ಷರತ್ತೂ ಇತ್ತು. ಸೆನೆಟ್ ಅದನ್ನು ಕಿತ್ತುಹಾಕಿ ಉಳಿದದ್ದನ್ನು 20-10ರಲ್ಲಿ, ಮೂರನೇ ಎರಡು ಮತಗಳ ಗೆರೆಯ ಮೇಲೆ ನಿಂತು, ಒಪ್ಪಿತು.

ಈ ಗದ್ದಲದಲ್ಲಿ ಯಾರೂ ಹೆಚ್ಚು ಗಮನಿಸದ ಹದಿಮೂರನೆಯ ಕಲಮು ನಮಗೆ ಸಂಬಂಧಿಸಿದ್ದು. ಭಾರತದಲ್ಲಿ ಬ್ರಿಟಿಷರ ವಶದಲ್ಲಿದ್ದ ಬಂದರುಗಳಿಗೆ ಅಮೆರಿಕನ್ ಹಡಗುಗಳು ಬಂದು ವ್ಯಾಪಾರ ಮಾಡಬಹುದೆಂದು ಅದು ಹೇಳಿತು. ಬಾಸ್ಟನ್, ಸೇಲಂ ಬಂದರುಗಳ ವರ್ತಕರು ಕಲ್ಕತ್ತೆಯ ಬಟ್ಟೆಯಲ್ಲಿ ಚೆನ್ನಾಗಿ ಗಂಟು ಮಾಡಿಕೊಂಡರು. ಒಂದು ಕಾಲದಲ್ಲಿ ಹಡಗಿಗೆ ಹೈದರನ ಹೆಸರಿಟ್ಟ ದೇಶ, ಹೈದರನ ಮಗ ಯಾರ ವಿರುದ್ಧ ಕಾದುತ್ತಿದ್ದನೋ ಅವರದೇ ಬಂದರಿನಲ್ಲಿ ಲಂಗರು ಹಾಕಿತು. ವ್ಯಾಪಾರಕ್ಕೆ ನೆನಪು ಕಡಿಮೆ.

ಒಪ್ಪಂದದ ವಿವರವನ್ನು ಸರ್ಕಾರ ಗುಟ್ಟಾಗಿಟ್ಟಿತ್ತು. ವರ್ಜೀನಿಯಾದ ಒಬ್ಬ ಸೆನೆಟರ್ ಅದನ್ನು ಪತ್ರಿಕೆಗೆ ದಾಟಿಸಿದ. ಬೆಂಜಮಿನ್ ಫ್ರಾಂಕ್ಲಿನ್‌ನ ಮೊಮ್ಮಗ, ‘ಅರೋರಾ’ದ ಸಂಪಾದಕ ಬೇಚ್, ಅದನ್ನು ಅಚ್ಚು ಹಾಕಿ ಊರೂರಿಗೆ ಹಂಚಿದ. 1795ರ ಬೇಸಿಗೆಯಲ್ಲಿ ಜೇಯ ಪ್ರತಿಕೃತಿ ಸುಡದ ಊರು ಅಪರೂಪವಾಯಿತು. ನ್ಯೂಯಾರ್ಕಿನ ಬೀದಿಯಲ್ಲಿ ಒಪ್ಪಂದದ ಪರ ಮಾತಾಡಲು ನಿಂತ ಹ್ಯಾಮಿಲ್ಟನ್ ಮೇಲೆ ಕಲ್ಲು ಬಿತ್ತು. ಮರುವರ್ಷ ಒಪ್ಪಂದಕ್ಕೆ ಬೇಕಾದ ಹಣ ಮಂಜೂರು ಮಾಡುವ ಪ್ರಶ್ನೆ ಕೆಳಮನೆಗೆ ಬಂದಾಗ ಸಮಿತಿಯ ಹಂತದಲ್ಲಿ 49-49 ಸಮಬಲ. ಪೀಠದಲ್ಲಿದ್ದ ಫ್ರೆಡರಿಕ್ ಮ್ಯೂಲೆನ್‌ಬರ್ಗ್, ರಿಪಬ್ಲಿಕನ್ನರ ಕಡೆಯವನಾಗಿದ್ದೂ, ಒಪ್ಪಂದದ ಪರ ಮತ ಹಾಕಿದ. ಕೆಲವೇ ದಿನಗಳಲ್ಲಿ ಸ್ವಂತ ಭಾವಮೈದುನನೇ ಅವನಿಗೆ ಚೂರಿ ಹಾಕಿದ. ಮ್ಯೂಲೆನ್‌ಬರ್ಗ್ ಬದುಕಿದ. ಅವನ ರಾಜಕೀಯ ಬದುಕಲಿಲ್ಲ.

ಜೇ ಒಪ್ಪಂದ ಹೆಮ್ಮೆಪಡುವಂಥದ್ದಲ್ಲ. ಆದರೆ ನೌಕಾಪಡೆಯೇ ಇಲ್ಲದ, ಸಾಲದಲ್ಲಿದ್ದ ದೇಶಕ್ಕೆ ಅದು ಹದಿನೇಳು ವರ್ಷಗಳ ಉಸಿರು ಕೊಟ್ಟಿತು. ಅಷ್ಟರಲ್ಲಿ ಜನಸಂಖ್ಯೆಯೂ ವ್ಯಾಪಾರವೂ ಬೆಳೆದವು. ಅಂದು ಪ್ರತಿಕೃತಿ ಸುಟ್ಟವರಿಗೆ ಇದು ಕಾಣುವಂತಿರಲಿಲ್ಲ. ವಾಷಿಂಗ್ಟನ್ 1796ರ ಸೆಪ್ಟೆಂಬರ್‌ನಲ್ಲಿ ವಿದಾಯದ ಮಾತು ಪ್ರಕಟಿಸಿದಾಗ (ಅದು ಭಾಷಣವಲ್ಲ, ಪತ್ರಿಕೆಯಲ್ಲಿ ಬಂದ ಬರಹ) ಪಕ್ಷದ ಹುಚ್ಚು ಮತ್ತು ಪರದೇಶಗಳ ಮೇಲಿನ ಅತಿ ಮೋಹ, ಅತಿ ದ್ವೇಷ ಎರಡನ್ನೂ ಒಟ್ಟಿಗೆ ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಅದು ಕೂಡ ಪಕ್ಷದ ಕರಪತ್ರವೆಂದೇ ರಿಪಬ್ಲಿಕನ್ನರು ಓದಿದರು. ಕರಡು ತಿದ್ದಿದ್ದು ಹ್ಯಾಮಿಲ್ಟನ್ ಆದ್ದರಿಂದ ಅವರ ಗುಮಾನಿ ಪೂರ್ತಿ ತಪ್ಪೂ ಅಲ್ಲ.

ಆ ವರ್ಷದ ಚುನಾವಣೆಯಲ್ಲಿ ಫ್ರೆಂಚ್ ರಾಯಭಾರಿಯೇ ಬಹಿರಂಗವಾಗಿ ಜೆಫರ್ಸನ್ ಪರ ಕೆಲಸ ಮಾಡಿದ. ಆದರೂ ಫೆಡರಲಿಸ್ಟ್ ಜಾನ್ ಆಡಮ್ಸ್ 71-68ರಿಂದ ಗೆದ್ದ. ಆಗಿನ ನಿಯಮದಂತೆ ಎರಡನೆಯವನು ಉಪಾಧ್ಯಕ್ಷ. ಹಾಗಾಗಿ ಅಧ್ಯಕ್ಷ ಒಂದು ಪಕ್ಷ, ಉಪಾಧ್ಯಕ್ಷ ಇನ್ನೊಂದು.

ಜೇ ಒಪ್ಪಂದದಿಂದ ಸಿಟ್ಟಾದ ಫ್ರಾನ್ಸ್ ಈಗ ತಾನೂ ಅಮೆರಿಕನ್ ಹಡಗುಗಳನ್ನು ಹಿಡಿಯತೊಡಗಿತು, ಒಂದೇ ವರ್ಷದಲ್ಲಿ 300ಕ್ಕೂ ಹೆಚ್ಚು. ಆಡಮ್ಸ್ ಸಂಧಾನಕ್ಕೆ ಮೂವರನ್ನು ಪ್ಯಾರಿಸ್ಸಿಗೆ ಕಳಿಸಿದ. ವಿದೇಶಾಂಗ ಸಚಿವ ತಾಲೆರಾಂ ಮಾತುಕತೆಗೆ ಕೂರಲಿಲ್ಲ. ಅವನ ದಲ್ಲಾಳಿಗಳು ಬಂದರು. ಮೊದಲು ಸಚಿವರಿಗೆ 50,000 ಪೌಂಡ್ ‘ಸಿಹಿ’, ಆಮೇಲೆ ಫ್ರಾನ್ಸಿಗೆ ದೊಡ್ಡ ಸಾಲ, ಆಮೇಲೆ ಮಾತು. ಯೂರೋಪಿನ ದರಬಾರುಗಳಲ್ಲಿ ಇದು ಮಾಮೂಲು. ಅಮೆರಿಕನ್ನರು ಒಂದು ಬಿಡಿಗಾಸೂ ಇಲ್ಲವೆಂದರು.

ಇಲ್ಲಿ ರಿಪಬ್ಲಿಕನ್ನರು ತಾವೇ ತೋಡಿದ ಗುಂಡಿಗೆ ಬಿದ್ದರು. ಆಡಮ್ಸ್ ಯುದ್ಧಕ್ಕಾಗಿ ಏನೋ ಮುಚ್ಚಿಡುತ್ತಿದ್ದಾನೆ, ಕಾಗದಪತ್ರ ಹೊರಗಿಡಲಿ ಎಂದು ಪಟ್ಟು ಹಿಡಿದರು. ಆಡಮ್ಸ್ ದಲ್ಲಾಳಿಗಳ ಹೆಸರಿನ ಜಾಗದಲ್ಲಿ ಎಕ್ಸ್, ವೈ, ಜೆಡ್ ಎಂದು ಹಾಕಿ, 1798ರ ಏಪ್ರಿಲ್‌ನಲ್ಲಿ ಎಲ್ಲವನ್ನೂ ಸಂಸತ್ತಿನ ಮುಂದಿಟ್ಟ. ಒಂದೇ ವಾರದಲ್ಲಿ ಗಾಳಿ ತಿರುಗಿತು. ಟೋಪಿಗಳಲ್ಲಿ ಮೂರು ಬಣ್ಣ ಮಾಯವಾಗಿ ಫೆಡರಲಿಸ್ಟರ ಕಪ್ಪು ಪಟ್ಟಿ ಎದ್ದಿತು. 1778ರ ಮೈತ್ರಿ ರದ್ದಾಯಿತು. ನೌಕಾ ಇಲಾಖೆ ಹುಟ್ಟಿತು. ಯುದ್ಧ ಘೋಷಣೆಯಿಲ್ಲದೆಯೇ ಎರಡು ವರ್ಷ ಕೆರಿಬಿಯನ್ ಸಮುದ್ರದಲ್ಲಿ ಎರಡು ದೇಶಗಳ ಹಡಗುಗಳು ಗುಂಡು ಹಾರಿಸಿಕೊಂಡವು.

ಹೊರಗಿನ ಶತ್ರುವಿನ ಹೆಸರಿನಲ್ಲಿ ಒಳಗಿನ ವಿರೋಧಿಯನ್ನು ಮಟ್ಟಹಾಕುವ ಆಸೆ ಯಾವ ಸರ್ಕಾರಕ್ಕೂ ಹೊಸದಲ್ಲ. ಫೆಡರಲಿಸ್ಟರು ಆ ಬೇಸಿಗೆಯಲ್ಲಿ ನಾಲ್ಕು ಕಾನೂನು ತಂದರು. ಪೌರತ್ವಕ್ಕೆ 5 ವರ್ಷದ ಬದಲು 14 ವರ್ಷ ಕಾಯಬೇಕು. ಹೊಸದಾಗಿ ಬಂದ ಐರಿಷರು ರಿಪಬ್ಲಿಕನ್ನರಿಗೆ ಮತ ಹಾಕುತ್ತಿದ್ದರು. ಅಪಾಯಕಾರಿ ಎನಿಸಿದ ವಿದೇಶಿಯನ್ನು ಅಧ್ಯಕ್ಷ ಹೊರಹಾಕಬಹುದು. ಸರ್ಕಾರ, ಸಂಸತ್ತು, ಅಧ್ಯಕ್ಷರ ಬಗ್ಗೆ ದುರುದ್ದೇಶದ ಸುಳ್ಳು ಬರೆದರೆ 2,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ಪಟ್ಟಿಯಲ್ಲಿ ಉಪಾಧ್ಯಕ್ಷನ ಹೆಸರಿರಲಿಲ್ಲ. ಜೆಫರ್ಸನ್ನನನ್ನು ಎಷ್ಟು ಬೇಕಾದರೂ ಬೈಯಬಹುದಿತ್ತು. ಬರಹದ ಮೇಲಿನ ಈ ಕಾನೂನಿನ ಅವಧಿ 1801ರ ಮಾರ್ಚ್ 3ಕ್ಕೆ, ಅಂದರೆ ಆಡಮ್ಸ್‌ನ ಅಧಿಕಾರದ ಕೊನೆಯ ದಿನಕ್ಕೆ, ಮುಗಿಯುವಂತೆ ಬರೆದಿತ್ತು. ಇಷ್ಟು ನಾಚಿಕೆಯಿಲ್ಲದೆ ಬರೆದ ಕಾನೂನುಗಳು ಹೆಚ್ಚಿಲ್ಲ.

ಸಿಕ್ಕಿಬಿದ್ದವರಲ್ಲಿ ಮೊದಲಿಗ ವರ್ಮಾಂಟಿನ ಸಂಸದ ಮ್ಯಾಥ್ಯೂ ಲಿಯಾನ್. ಈತ ಅದೇ ವರ್ಷದ ಆರಂಭದಲ್ಲಿ ಫೆಡರಲಿಸ್ಟ್ ಸಂಸದನೊಬ್ಬನ ಮುಖಕ್ಕೆ ಉಗಿದಿದ್ದ. ಅವನು ಬೆತ್ತ ಹಿಡಿದು, ಇವನು ಬೆಂಕಿಗೂಡಿನ ಇಕ್ಕಳ ಹಿಡಿದು, ಸದನದಲ್ಲೇ ಬಡಿದಾಡಿದ್ದರು. ಆಡಮ್ಸ್ ಬಗ್ಗೆ ಬರೆದ ಪತ್ರಕ್ಕಾಗಿ ಲಿಯಾನ್‌ಗೆ ನಾಲ್ಕು ತಿಂಗಳ ಜೈಲು, 1,000 ಡಾಲರ್ ದಂಡ ಬಿತ್ತು. ಜೈಲಿನಿಂದಲೇ ಚುನಾವಣೆಗೆ ನಿಂತು ಗೆದ್ದ. ನ್ಯೂಜೆರ್ಸಿಯಲ್ಲಿ ಅಧ್ಯಕ್ಷನ ಗೌರವಕ್ಕೆ ತೋಪು ಹಾರಿಸುತ್ತಿದ್ದಾಗ, ಗುಂಡು ಆತನ ಅಂಡಿಗೇ ತಗಲಲಿ ಎಂಬರ್ಥದ ಮಾತಾಡಿದ ಕುಡುಕನೊಬ್ಬನಿಗೂ ದಂಡ ಬಿತ್ತು. ಬೇಚ್ ವಿಚಾರಣೆಗೆ ಮೊದಲೇ ಹಳದಿ ಜ್ವರಕ್ಕೆ ಬಲಿಯಾದ. ಫಿಲಡೆಲ್ಫಿಯಾದ ಕ್ವೇಕರ್ ವೈದ್ಯ ಜಾರ್ಜ್ ಲೋಗನ್ ತನ್ನ ಖರ್ಚಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಶಾಂತಿಯ ಮಾತಾಡಿ ಬಂದನೆಂದು, ಖಾಸಗಿಯವರು ಪರದೇಶದ ಸರ್ಕಾರದೊಡನೆ ಸಂಧಾನ ಮಾಡುವುದು ಅಪರಾಧವೆಂಬ ಕಾನೂನೇ 1799ರಲ್ಲಿ ಬಂತು. ಲೋಗನ್ ಕಾಯ್ದೆ ಇಂದಿಗೂ ಪುಸ್ತಕದಲ್ಲಿದೆ. ಅದರಡಿ ಈವರೆಗೆ ಒಬ್ಬರಿಗೂ ಶಿಕ್ಷೆಯಾಗಿಲ್ಲ. 1798ರ ಆ ನಾಲ್ಕು ಕಾನೂನುಗಳಲ್ಲಿ ಉಳಿದುಕೊಂಡ ಒಂದು, ಯುದ್ಧಕಾಲದ ಶತ್ರುದೇಶೀಯರ ಕಾಯ್ದೆ. ಅದನ್ನು 2025ರಲ್ಲಿ ಅಧ್ಯಕ್ಷ ಟ್ರಂಪ್ ವೆನೆಜುವೆಲಾದವರನ್ನು ಹೊರದಬ್ಬಲು ಧೂಳು ಕೊಡವಿ ತೆಗೆದರು.

ಈ ಇಡೀ ಕಥೆಯಲ್ಲಿ ಬೆನ್ನುಮೂಳೆ ತೋರಿಸಿದವನು, ಆ ಕಾನೂನುಗಳಿಗೆ ಸಹಿ ಹಾಕಿದ ಕಳಂಕ ಹೊತ್ತ ಆಡಮ್ಸ್ ಎಂಬುದು ವಿಪರ್ಯಾಸ. ಅವನ ಪಕ್ಷಕ್ಕೆ ಫ್ರಾನ್ಸಿನ ಜೊತೆ ಪೂರ್ಣ ಯುದ್ಧ ಬೇಕಿತ್ತು. ಹ್ಯಾಮಿಲ್ಟನ್ ಹೊಸ ಸೈನ್ಯದ ಎರಡನೇ ದಂಡನಾಯಕನಾಗಿ ಕನಸು ಕಾಣುತ್ತಿದ್ದ. ಆಡಮ್ಸ್ ಆ ಸೈನ್ಯವನ್ನೇ ನಂಬಲಿಲ್ಲ. ಫ್ರಾನ್ಸ್ ಈ ಬಾರಿ ಮರ್ಯಾದೆಯಿಂದ ಮಾತಾಡುತ್ತದೆಂದು ತಿಳಿದ ಕೂಡಲೇ, 1799ರ ಫೆಬ್ರವರಿಯಲ್ಲಿ, ಸಂಪುಟವನ್ನೂ ಕೇಳದೆ ಹೊಸ ರಾಯಭಾರಿಯ ಹೆಸರು ಸೆನೆಟ್ಟಿಗೆ ಕಳಿಸಿಬಿಟ್ಟ. 1800ರ ಸೆಪ್ಟೆಂಬರ್ 30ರಂದು ಶಾಂತಿ ಒಪ್ಪಂದವಾಯಿತು. ಸುದ್ದಿ ಸಮುದ್ರ ದಾಟಿ ಬಂದದ್ದು ತಡವಾಗಿ. ಚುನಾವಣೆಯಲ್ಲಿ ಅವನ ಕೈಹಿಡಿಯಲಿಲ್ಲ. ಹ್ಯಾಮಿಲ್ಟನ್ ತನ್ನದೇ ಪಕ್ಷದ ಅಧ್ಯಕ್ಷನ ವಿರುದ್ಧ ಕರಪತ್ರ ಬರೆದಿದ್ದ. ಆಡಮ್ಸ್‌ಗೆ 65 ಮತ, ಜೆಫರ್ಸನ್ ಮತ್ತು ಅವನ ಜೋಡಿ ಏರನ್ ಬರ್ ಇಬ್ಬರಿಗೂ 73. ಅವರಿಬ್ಬರಲ್ಲಿ ಯಾರೆಂದು ತೀರ್ಮಾನಿಸಲು ಕೆಳಮನೆ 36 ಸಲ ಮತ ಹಾಕಬೇಕಾಯಿತು. ಮತವೇ ಇಲ್ಲದ ಗುಲಾಮರ ತಲೆಯೆಣಿಕೆಯಿಂದ ದಕ್ಷಿಣದ ರಾಜ್ಯಗಳಿಗೆ ಸಿಕ್ಕಿದ್ದ ಹೆಚ್ಚುವರಿ ಬಲ ಇಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದನೆಂದು ಲೆಕ್ಕ ಹಾಕಿದ ಇತಿಹಾಸಕಾರರಿದ್ದಾರೆ.

ಗುಲಾಮರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಫ್ರೆಂಚ್ ವಸಾಹತು ಸ್ಯಾನ್ ಡೊಮಾಂಗ್‌ನಲ್ಲಿ, ಅಂದರೆ ಇಂದಿನ ಹೈಟಿಯಲ್ಲಿ, ಗುಲಾಮರೇ ಬಂಡೆದ್ದು ಬಿಡುಗಡೆ ಪಡೆದಿದ್ದರು. ಅವರ ನಾಯಕ ಟೂಸಾನ್ ಲೂವರ್ತೂರ್ ಜೊತೆ ವ್ಯಾಪಾರ ತೆರೆದು ಹಡಗಿನ ನೆರವನ್ನೂ ಕೊಟ್ಟದ್ದು, ಶ್ರೀಮಂತರ ಪಕ್ಷವೆಂದು ಬೈಸಿಕೊಂಡ ಆಡಮ್ಸ್ ಸರ್ಕಾರ. ಸ್ವಾತಂತ್ರ್ಯ, ಸಮಾನತೆ ಎಂದು ಪ್ಯಾರಿಸ್ಸಿನ ಪಟ್ಟಿ ಕಟ್ಟಿದ ಜೆಫರ್ಸನ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ 1806ರಲ್ಲಿ ಹೈಟಿಯ ವ್ಯಾಪಾರವನ್ನು ನಿಷೇಧಿಸಿತು. ಅಮೆರಿಕ ಹೈಟಿಗೆ ಮನ್ನಣೆ ಕೊಟ್ಟದ್ದು 1862ರಲ್ಲಿ. ಅಷ್ಟಾಗಿಯೂ ಜೆಫರ್ಸನ್ನನ ಅತಿ ದೊಡ್ಡ ಸಾಧನೆಗೆ ಹೈಟಿಯವರೇ ಕಾರಣ: ಅಲ್ಲಿ ಸೈನ್ಯ ಕಳೆದುಕೊಂಡ ನೆಪೋಲಿಯನ್‌ಗೆ ಅಮೆರಿಕ ಖಂಡದ ಕನಸೇ ಸಾಕೆನಿಸಿ, 1803ರಲ್ಲಿ ಲೂಸಿಯಾನ ಪ್ರದೇಶವನ್ನು 1.5 ಕೋಟಿ ಡಾಲರಿಗೆ ಮಾರಿಬಿಟ್ಟ. ಸಂವಿಧಾನದ ಅಕ್ಷರ ಮೀರಬಾರದೆಂದು ಹತ್ತು ವರ್ಷ ವಾದಿಸಿದ್ದ ಜೆಫರ್ಸನ್, ಭೂಮಿ ಕೊಳ್ಳುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿದೆ ಎಂದು ಸ್ವಲ್ಪ ಹೊತ್ತು ಚಿಂತಿಸಿ, ಕೊಂಡುಕೊಂಡ. ಈಗ ಸಂವಿಧಾನದ ಅಕ್ಷರ ಹಿಡಿದು ಕೂಗಿದವರು ಫೆಡರಲಿಸ್ಟರು.

1807ರಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದು ಅಮೆರಿಕನ್ ನೌಕೆ ‘ಚೆಸಪೀಕ್’ ಮೇಲೆ ಗುಂಡು ಹಾರಿಸಿ ನಾಲ್ವರು ನಾವಿಕರನ್ನು ಎಳೆದೊಯ್ದಿತು. ಜೆಫರ್ಸನ್ ಯುದ್ಧ ಬೇಡವೆಂದು, ಅಮೆರಿಕದ ಹಡಗುಗಳೇ ಹೊರದೇಶಕ್ಕೆ ಹೋಗಬಾರದೆಂಬ ನಿರ್ಬಂಧ ಹೇರಿದ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ವರ್ಷಕ್ಕೆ 10.8 ಕೋಟಿ ಡಾಲರ್ ಇದ್ದ ರಫ್ತು 2.2 ಕೋಟಿಗೆ ಇಳಿಯಿತು. ನ್ಯೂ ಇಂಗ್ಲೆಂಡಿನ ಬಂದರುಗಳಲ್ಲಿ ಹಡಗು ಕೊಳೆತವು, ಕೆನಡಾದ ಗಡಿಯಲ್ಲಿ ಕಳ್ಳಸಾಗಣೆ ಬೆಳೆಯಿತು, ಸಾಯುತ್ತಿದ್ದ ಫೆಡರಲಿಸ್ಟ್ ಪಕ್ಷಕ್ಕೆ ಮತ್ತೆ ಜೀವ ಬಂತು. ಆ ಪಕ್ಷದ ಒಬ್ಬ ಸೆನೆಟರ್ ಮಾತ್ರ ನಿರ್ಬಂಧದ ಪರ ನಿಂತ: ಆಡಮ್ಸ್‌ನ ಮಗ ಜಾನ್ ಕ್ವಿನ್ಸಿ ಆಡಮ್ಸ್. ಮ್ಯಾಸಚೂಸೆಟ್ಸ್ ಶಾಸನಸಭೆ ಅವನ ಅವಧಿ ಮುಗಿಯುವ ಮೊದಲೇ ಆ ಜಾಗಕ್ಕೆ ಬೇರೊಬ್ಬನನ್ನು ಆರಿಸಿ ಮುಖಕ್ಕೆ ಹೊಡೆಯಿತು. ಅವನು ರಾಜೀನಾಮೆ ಕೊಟ್ಟು ಪಕ್ಷವನ್ನೂ ಬಿಟ್ಟ.

ಮ್ಯಾಡಿಸನ್ ಅಧ್ಯಕ್ಷನಾಗಿದ್ದಾಗ, 1812ರಲ್ಲಿ, ತಪ್ಪಿಸಿಕೊಂಡು ಬಂದಿದ್ದ ಯುದ್ಧ ಕೊನೆಗೂ ಬಂತು. ಕೆಳಮನೆಯಲ್ಲಿ 79-49, ಸೆನೆಟ್ಟಿನಲ್ಲಿ 19-13. ಒಬ್ಬ ಫೆಡರಲಿಸ್ಟನೂ ಪರ ಮತ ಹಾಕಲಿಲ್ಲ. 1814ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ನಗರದ ಹೊರಗೆ, ಬ್ಲೇಡೆನ್ಸ್‌ಬರ್ಗ್‌ನಲ್ಲಿ, ಬ್ರಿಟಿಷರು ರಾಕೆಟ್ ಹಾರಿಸಿದಾಗ ಅಮೆರಿಕದ ಅರೆಸೈನಿಕರು ಕಾಲಿಗೆ ಬುದ್ಧಿ ಹೇಳಿದರು. ಶ್ರೀರಂಗಪಟ್ಟಣದಲ್ಲಿ ವಶಪಡಿಸಿಕೊಂಡ ಮೈಸೂರಿನ ರಾಕೆಟ್‌ಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ರೂಪಿಸಿದ ರಾಕೆಟ್‌ಗಳವು. ಓಡದೆ ನಿಂತು, ತೊಡೆಗೆ ಗುಂಡು ತಗಲುವವರೆಗೂ ಕಾದಿದ ನಾವಿಕರ ದಳದ ನಾಯಕನಿಗೆ ಆಗ 55 ವರ್ಷ. ಜೋಶುವಾ ಬಾರ್ನಿ, ‘ಹೈದರ್ ಅಲಿ’ ಹಡಗಿನ ಅದೇ ಕ್ಯಾಪ್ಟನ್. ಆ ರಾತ್ರಿ ಬ್ರಿಟಿಷರು ರಾಜಧಾನಿಗೆ ಬೆಂಕಿ ಇಟ್ಟರು. ಮೂರು ವಾರಗಳ ನಂತರ ಬಾಲ್ಟಿಮೋರ್ ಕೋಟೆಯ ಮೇಲೂ ಇದೇ ರಾಕೆಟ್‌ಗಳು ಹಾರಿದವು. ಅದನ್ನು ಕಂಡು ಹಾಡು ಬರೆದ ಫ್ರಾನ್ಸಿಸ್ ಸ್ಕಾಟ್ ಕೀ, ಈ ಯುದ್ಧವನ್ನು ಮೊದಲು ವಿರೋಧಿಸಿದ್ದ ಫೆಡರಲಿಸ್ಟ್ ವಕೀಲ. ಆ ಹಾಡೇ ಇಂದು ಅಮೆರಿಕದ ರಾಷ್ಟ್ರಗೀತೆ. ರಾಕೆಟ್‌ಗಳು ಅದರಲ್ಲಿ ಇನ್ನೂ ಇವೆ.

ಆ ಚಳಿಗಾಲದಲ್ಲಿ ನ್ಯೂ ಇಂಗ್ಲೆಂಡಿನ ಫೆಡರಲಿಸ್ಟರು ಹಾರ್ಟ್‌ಫರ್ಡ್‌ನಲ್ಲಿ ಬಾಗಿಲು ಮುಚ್ಚಿ ಸಭೆ ಸೇರಿ, ಯುದ್ಧ ಘೋಷಣೆಗೆ ಸಂಸತ್ತಿನ ಮೂರನೇ ಎರಡು ಮತ ಬೇಕೆಂಬುದೂ ಸೇರಿದಂತೆ ಸಂವಿಧಾನ ತಿದ್ದುಪಡಿಗಳ ಪಟ್ಟಿ ಮಾಡಿದರು. ಪಟ್ಟಿ ಹಿಡಿದು ಅವರ ಪ್ರತಿನಿಧಿಗಳು ರಾಜಧಾನಿ ತಲುಪುವುದಕ್ಕೂ, ನ್ಯೂ ಆರ್ಲಿಯನ್ಸ್‌ನಲ್ಲಿ ಆಂಡ್ರ್ಯೂ ಜಾಕ್ಸನ್ ಗೆದ್ದ ಸುದ್ದಿ, ಗೆಂಟ್‌ನಲ್ಲಿ ಶಾಂತಿ ಒಪ್ಪಂದವಾದ ಸುದ್ದಿ ಬರುವುದಕ್ಕೂ ಸರಿಹೋಯಿತು. ಪಟ್ಟಿಯನ್ನು ಜೇಬಿನಿಂದ ತೆಗೆಯಲೂ ಮುಖವಿಲ್ಲದೆ ಅವರು ಮರಳಿದರು. ಒಂದು ಕಾಲಕ್ಕೆ ವಿರೋಧಿಗಳನ್ನು ದೇಶದ್ರೋಹಿಗಳೆಂದು ಜೈಲಿಗಟ್ಟಿದ ಪಕ್ಷ, ಈಗ ಅದೇ ಹಣೆಪಟ್ಟಿ ಹೊತ್ತು ಮಣ್ಣಾಯಿತು.

1820ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಜೇಮ್ಸ್ ಮನ್ರೋಗೆ ಎದುರಾಳಿಯೇ ಇರಲಿಲ್ಲ. 232 ಮತಗಳಲ್ಲಿ 231 ಅವನಿಗೇ ಬಿದ್ದವು. ಹಿಂದೆ ಫೆಡರಲಿಸ್ಟನಾಗಿದ್ದ ನ್ಯೂ ಹ್ಯಾಂಪ್‌ಶೈರಿನ ವಿಲಿಯಂ ಪ್ಲಮರ್ ಹಾಕಿದ ಉಳಿದೊಂದು ಮತ ಬಿದ್ದದ್ದು ಮನ್ರೋನ ವಿದೇಶಾಂಗ ಸಚಿವ, ಗೆಂಟ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲೊಬ್ಬ, ಹಿಂದೆ ಫೆಡರಲಿಸ್ಟರೇ ಹೊರದಬ್ಬಿದ್ದ ಜಾನ್ ಕ್ವಿನ್ಸಿ ಆಡಮ್ಸ್‌ಗೆ.